ದೇವರ ಜಗಲಿ ಮೇಲಿನ ಪದಕ, ಗೋಡೆ ಮೇಲಿನ ಮುತ್ತಜ್ಜ: ಈ ಫೋಟೋ ಬಗ್ಗೆ ಗೊತ್ತಿದ್ದವರು ಹೇಳ್ತೀರಾ?

ಹಿನ್ನೀರು_ಬೀಳಗಿ

ಎಲ್ಲರಿಗೂ ನಮಸ್ಕಾರ. ಮೇಲಿನ ಫೋಟೋದಲ್ಲಿ ಕುರ್ಚಿ ಮೇಲೆ ಕೂತವರು ನಮ್ಮ ಮುತ್ತಜ್ಜ, ಅಂದ್ರೆ ಅಜ್ಜನ ಅಪ್ಪ. ಪಕ್ಕದಲ್ಲಿ ಟೊಪ್ಪಿಗೆ ಹಾಕ್ಕೊಂಡು ನಿಂತ ಹುಡುಗ ನಮ್ಮ ಅಜ್ಜ. ಮನೆಯಲ್ಲಿ ಇರೋದು ಇದೊಂದೇ ಹಳೇ ಫೋಟೋ. ನಮ್ಮ ಮೂಲ ಊರು ಬೀಳಗಿ ತಾಲೂಕಿನಲ್ಲಿ ಕೃಷ್ಣಾ ದಂಡೆಗಿತ್ತು. ಆಲಮಟ್ಟಿ ಹಿನ್ನೀರಲ್ಲಿ ಮುಳುಗಡೆ ಆಯ್ತು. ಮನೆಯವರೆಲ್ಲ ಪುನರ್ವಸತಿ ಕೇಂದ್ರದಲ್ಲಿದ್ದಾರೆ, ನಾನು ನೌಕರಿಗೆ ಅಂತ ಬೆಳಗಾವಿಯಲ್ಲಿದ್ದೇನೆ.

ಮನೆಯಲ್ಲಿ ಹೇಳೋ ಕಥೆ ಇಷ್ಟು. ಮುತ್ತಜ್ಜ ಮಿಲಿಟ್ರಿಗೆ ಸೇರಿದ್ದ, ಈಗಿನ ಇರಾಕಿನ ಬಸರಾಕ್ಕೆ ಹೋಗಿ ಲಡಾಯಿ ಮಾಡಿ ಬಂದ, ಸರ್ಕಾರ ಪದಕ ಕೊಟ್ಟಿತು. ಅಜ್ಜಿ ಇದ್ದಾಗ ಬೀಗರು ಬಂದ್ರೆ ಸಾಕು, "ನಮ್ಮ ಮಾವ್ನೋರು ಬಸರಾಕ ಹೋಗಿ ಬಂದೋರು" ಅಂತ ಶುರು ಮಾಡ್ತಿದ್ದಳು. ಆ ಪದಕ ಈಗಲೂ ಇದೆ. ಎಲ್ಲಿ ಅಂದ್ರೆ ದೇವರ ಜಗಲಿ ಮೇಲೆ! ಅದರ ಒಂದು ಮಗ್ಗುಲಿಗೆ ಕುದುರೆ ಏರಿದ ಮನುಷ್ಯನ ಚಿತ್ರ ಇದೆ. ನಮ್ಮ ಮನೆದೇವರು ಮೈಲಾರಲಿಂಗ. ಯಾರು ಯಾವಾಗ ಏರಿಸಿದರೋ ಗೊತ್ತಿಲ್ಲ, ಹಬ್ಬ ಬಂದ್ರೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಭಂಡಾರ ಏರಿಸಿ, ಉಳಿದ ದೇವರ ಜೊತೆ ಅದಕ್ಕೂ ಪೂಜೆ ಆಗುತ್ತೆ.

ಅವರು ಯಾವ ಪಲ್ಟನ್‌ನಲ್ಲಿದ್ದರು ಅಂತ ತಿಳ್ಕೊಬೇಕು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಿದೆ, ಸಿಗಲಿಲ್ಲ. ನಮ್ಮ ಕಾಕಾ ಬೇರೆ, "ಪದಕ ತಾಮ್ರದ್ದು, ಅಸಲಿ ಆಗಿದ್ರೆ ಬೆಳ್ಳಿದಿರಬೇಕಿತ್ತು, ಎಲ್ಲೋ ಸಂತೆಯಲ್ಲಿ ತಂದಿರಬೇಕು" ಅಂತ ನಗ್ತಾರೆ.

ಕ್ಯಾಂಪ್_ಹವಾಲ್ದಾರ್

ತಮ್ಮಾ, ನಾನು ನಿವೃತ್ತ ಫೌಜಿ. ಬೆಳಗಾವಿ ಕ್ಯಾಂಪ್ ಹತ್ತಿರವೇ ಮನೆ. ಮೊದಲು ವೆಬ್‌ಸೈಟ್ ವಿಷಯ. ಅದರಲ್ಲಿ ಇರೋದು ಯುದ್ಧದಲ್ಲಿ ತೀರಿಕೊಂಡವರು ಮಾತ್ರ. ನಿಮ್ಮ ಮುತ್ತಜ್ಜ ಜೀವಂತ ಬಂದು ಮಗನನ್ನು ಪಕ್ಕದಲ್ಲಿ ನಿಲ್ಲಿಸ್ಕೊಂಡು ಫೋಟೋ ತೆಗೆಸಿದ್ದಾರೆ, ಅಲ್ಲಿ ಸಿಗಲಿಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ. ಇನ್ನೊಂದು ಮಾತು. ಬಸ್ರಾದ ಸ್ಮಾರಕದಲ್ಲಿ 40,000ಕ್ಕೂ ಹೆಚ್ಚು ಜನರ ಲೆಕ್ಕ ಇದೆ. ಆದರೆ ಗೋರಾಗಳ ಮತ್ತು ನಮ್ಮ ಅಧಿಕಾರಿಗಳ ಹೆಸರು ಮಾತ್ರ ಕೆತ್ತಿ, ನಮ್ಮ ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ ಕೆಳಗೆ ಬರೀ ಸಂಖ್ಯೆಯಲ್ಲಿ ಮುಗಿಸಿದರು. ಇದನ್ನ ನೆನೆಸಿಕೊಂಡ್ರೆ ನನಗೆ ಈಗಲೂ ಸಿಟ್ಟು ಬರುತ್ತೆ.

ನಮ್ಮ ಕಡೆ ಬಸರಾ ಅಂದ ತಕ್ಷಣ ಎಲ್ಲರೂ ಮರಾಠಾ ಪಲ್ಟನ್ ಅಂತಾರೆ. ಅದಕ್ಕೆ ಕಾರಣ ಇದೆ. ಆ ಕಡೆಯ ಕೂತ್ ಅನ್ನೋ ಊರಲ್ಲಿ ಬ್ರಿಟಿಷ್ ಸೈನ್ಯಕ್ಕೆ ತುರ್ಕರು 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ ಹಾಕಿದಾಗ 103, 110, 117ನೇ ಮರಾಠಾ ಪಲ್ಟನ್‌ಗಳು ಒಳಗೆ ಸಿಕ್ಕಿಬಿದ್ದಿದ್ದವು. ಆದ್ರೆ ಬಸರಾಕ್ಕೆ ಹೋದವರೆಲ್ಲ ಬಂದೂಕು ಹಿಡಿದವರಲ್ಲ.

ನಿಮ್ಮ ಕಾಕಾ ನಗೋದು ನಿಲ್ಲಿಸಲಿ. ಮೊದಲ ಮಹಾಯುದ್ಧದ 'ಬ್ರಿಟಿಷ್ ವಾರ್ ಮೆಡಲ್' ಒಂದು ಮಗ್ಗುಲಿಗೆ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಮಗ್ಗುಲಿಗೆ ಕುದುರೆ ಮೇಲೆ ಬರಿಮೈ ಸವಾರ, ಅಂಚಿನ ಹತ್ರ 1914, 1918 ಅಂತ ಇರುತ್ತೆ. ಸಿಪಾಯಿಗಳಿಗೆ ಕೊಟ್ಟಿದ್ದು ಬೆಳ್ಳಿದು. ಅದನ್ನೇ ಕಂಚಿನಲ್ಲೂ ಹೊಯ್ಸಿದ್ರು. ಅದು ಹಮಾಲರು, ಕೂಲಿ ಪಡೆಯವರು, ಇಂಥ ಜನಕ್ಕೆ. ಫೌಜಿನ ಕಾಗದದಲ್ಲಿ ಇವರನ್ನ 'ಫಾಲೋವರ್' ಅಂತಿದ್ರು. ನಿಮ್ಮದು ತಾಮ್ರದ ಬಣ್ಣ ಅಂದ್ರೆ ನಕಲಿ ಅಲ್ಲ, ಅಪರೂಪದ್ದು.

ಪದಕದ ದಪ್ಪ ಅಂಚು ನೋಡಿ. ಅಲ್ಲಿ ನಂಬರು, ಹೆಸರು, ಪಡೆ ಕೊರೆದಿರ್ತಾರೆ. ದಯವಿಟ್ಟು ಇನ್ನು ಮುಂದೆ ಹುಣಸೆಹಣ್ಣು ಮುಟ್ಟಿಸಬೇಡಿ!

ಗುಮ್ಮಟ_ಗ್ರಾಫಿಕ್ಸ್

ಅಣ್ಣಾ, ವಿಜಯಪುರದಿಂದ. ನಿಮ್ಮ ಫೋಟೋನ ಎಐ ಆ್ಯಪ್‌ಗೆ ಹಾಕಿ ಕ್ಲೀನ್ ಮಾಡಿ ಬಣ್ಣ ತುಂಬಿದೀನಿ, ನೋಡಿ. ಮುಖ ಸೂಪರ್ ಬಂದಿದೆ. ಎದೆ ಮೇಲಿನ ರಿಬ್ಬನ್‌ಗೆ ಕೆಂಪು, ನೀಲಿ ಬಂದಿದೆ. ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಿ.

ಖಣ_ಗುಳೇದಗುಡ್ಡ

ತಮ್ಮಾ ಗುಮ್ಮಟ, ನಿನ್ನ ಉಮೇದಿಗೆ ಬೇಡ ಅನ್ನಲ್ಲ. ಆದ್ರೆ ಎರಡೂ ಫೋಟೋ ಅಕ್ಕಪಕ್ಕ ಇಟ್ಟು ನೋಡು. ಅಸಲಿಯಲ್ಲಿ ಅವರ ಎಡ ಹುಬ್ಬಿನ ಮೇಲೆ ಒಂದು ಗಾಯದ ಗೆರೆ ಇದೆ. ನಿನ್ನದರಲ್ಲಿ ಮಾಯ. ಮೀಸೆ ತುದಿ ಬೇರೆ ಯಾರದೋ. ಹೆಗಲಿನಿಂದ ಅಡ್ಡಕ್ಕೆ ಬಂದ ಪಟ್ಟಿ ಮೇಲೆ ಒಂದು ಬಿಲ್ಲೆ ಇದೆಯಲ್ಲ, ಅದರ ಅಕ್ಷರ ಯಾವ ಭಾಷೆದೂ ಅಲ್ಲದ ಗೀಚು ಆಗಿದೆ. ಚೆಂದ ಬೇಕಾದವರಿಗೆ ಇರಲಿ, ಇತಿಹಾಸ ಹುಡುಕೋರಿಗೆ ಇದು ವಿಷ.

ರಿಬ್ಬನ್ ಬಣ್ಣದ ಬಗ್ಗೆ ಒಂದು ಮಾತು. ಆ ಕಾಲದ ಸ್ಟುಡಿಯೋ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣ್ತಿರಲಿಲ್ಲ. ಕೆಂಪು, ಕೇಸರಿ ಎಲ್ಲ ಕಪ್ಪಗೆ ಬರೋದು, ನೀಲಿ ಬೆಳ್ಳಗೆ ಬರೋದು. ನಮ್ಮ ಅವ್ವನ ಅಜ್ಜಿ ಇಳಕಲ್ ಸೀರೆ ಉಟ್ಟು ತೆಗೆಸಿದ ಫೋಟೋ ನಮ್ಮಲ್ಲಿದೆ. ತೋಪು ತೆನಿ ಸೆರಗು ಅಂದ್ರೆ ಗೊತ್ತಲ್ಲ, ಕೆಂಪು ರೇಷ್ಮೆಯಲ್ಲಿ ಬಿಳಿ ತೆನಿ. ಫೋಟೋದಲ್ಲಿ ಆ ಕೆಂಪು ಮಸಿ ಬಳಿದಂಗೆ ಕಪ್ಪು, ಹಣೆ ಕುಂಕುಮವೂ ಕಪ್ಪು. ನೋಡಿದವರು ಶೋಕದ ಸೀರೆ ಅಂತ ತಿಳಿದಿದ್ರು! ಈಗ ಮುತ್ತಜ್ಜನ ರಿಬ್ಬನ್ ನೋಡಿ. ನಡುವೆ ಅಗಲ ಕಪ್ಪು, ತೀರಾ ಅಂಚಿಗೆ ತಿಳಿ. ಹವಾಲ್ದಾರ್ ಕಾಕಾ, ನೀವು ಹೇಳಿದ ಪದಕದ ರಿಬ್ಬನ್ ಬಣ್ಣ ಏನು?

ಕ್ಯಾಂಪ್_ಹವಾಲ್ದಾರ್

ನಡುವೆ ಕೇಸರಿ, ಅದರ ಆಚೆ ಬಿಳಿ, ಕಪ್ಪು, ತೀರಾ ಅಂಚಿಗೆ ನೀಲಿ. ತಂಗೀ, ಭಲೇ! ನಾನು ಇಷ್ಟು ವರ್ಷ ಪದಕ ನೋಡ್ತಿದ್ದೀನಿ, ಫೋಟೋದಲ್ಲಿ ಹಿಂಗೆ ಓದಬಹುದು ಅಂತ ಹೊಳೆದಿರಲಿಲ್ಲ.

ಇನ್ನೂ ಒಂದು ನೋಡಿ. ಫೋಟೋದಲ್ಲಿ ಒಂದೇ ಪದಕ ಇದೆ. ಅಲ್ಲಿ ಲಡಾಯಿ ಮಾಡಿದ ಸಿಪಾಯಿಗೆ ಸಾಮಾನ್ಯವಾಗಿ ವಿಕ್ಟರಿ ಮೆಡಲ್ ಸೇರಿ ಜೋಡಿ ಇರುತ್ತೆ. ಒಂಟಿ ಕಂಚು ಅಂದ್ರೆ ಅವರು ಫಾಲೋವರ್ ಆಗಿದ್ರು ಅನ್ನೋ ನನ್ನ ಊಹೆ ಗಟ್ಟಿ ಆಗ್ತಿದೆ.

ಗುಮ್ಮಟ_ಗ್ರಾಫಿಕ್ಸ್

ಅಕ್ಕಾ, ಗಾಯದ ಗೆರೆ ಈಗ ಕಾಣ್ತು. ಆ ಫೋಟೋ ತೆಗೆದುಬಿಟ್ಟೆ. ಅಸಲಿನ ಚೆನ್ನಾಗಿ ಸ್ಕ್ಯಾನ್ ಮಾಡೋಕೆ ಏನಾದ್ರೂ ಸಹಾಯ ಬೇಕಾದ್ರೆ ನಾನು ರೆಡಿ.

ಖಣ_ಗುಳೇದಗುಡ್ಡ

ಅದು ಕೆಲಸದ ಮಾತು. ಹಿನ್ನೀರು ಅವರೇ, ಚೌಕಟ್ಟನ್ನ ಹಿಂದಿನಿಂದ ಬಿಚ್ಚಿ. ಫೋಟೋ ಗಾಜಿಗೆ ಅಂಟಿದ್ರೆ ಎಳೆಯೋಕೆ ಹೋಗಬೇಡಿ. ಮುಖದ ಪದರವೇ ಕಿತ್ತು ಬರುತ್ತೆ. ಅಂಟಿದ್ದರೆ ಗಾಜಿನ ಮೇಲಿಂದಲೇ, ಕಿಟಕಿ ಹತ್ರ, ಫ್ಲ್ಯಾಶ್ ಇಲ್ಲದೆ ಓರೆಯಾಗಿ ಬೆಳಕು ಬೀಳಂಗೆ ತೆಗೀರಿ. ಬಿಟ್ಟು ಬಂದ್ರೆ 600 ಡಿಪಿಐ, ಟಿಫ್ ಫೈಲು. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ರಟ್ಟು ಕತ್ತರಿಸಿ ಚೌಕಟ್ಟಿಗೆ ಕೂರಿಸೋ ಚಾಳಿ ನಮ್ಮ ಕಡೆ ಬಹಳ, ಸ್ಟುಡಿಯೋ ಹೆಸರು ಅದರಲ್ಲೇ ಹೋಗಿರುತ್ತೆ. ಆದರೂ ನೋಡಿ.

ನನಗೆ ಇನ್ನೊಂದು ಅನುಮಾನ ಕಾಡ್ತಿದೆ. ನಿಮ್ಮ ಮುತ್ತಜ್ಜನ ಹಿಂದಿನ ಪರದೆಯಲ್ಲಿ ಕಟಕಟೆ, ಕೆರೆ, ಎರಡು ಹಂಸ ಬರೆದಿದ್ದಾರೆ. ಬಲಗಡೆ ಹಂಸದ ಕುತ್ತಿಗೆ ಮೇಲೆ ಪರದೆ ಹರಿದು ಹೊಲಿದ ಗುರುತು. ನಮ್ಮ ಅವ್ವನ ಅಜ್ಜಿಯ ಆ ಫೋಟೋ ತೆಗೆದು ನೋಡಿದೆ. ಅದೇ ಹಂಸ, ಅದೇ ಹೊಲಿಗೆ! ನಮ್ಮದರ ಹಿಂದೆ ನೀಲಿ ಮಸಿಯಲ್ಲಿ 1926 ಅಂತ ಬರೆದಿದೆ, ಬೆಳಗಾವಿಯಲ್ಲಿ ತೆಗೆಸಿದ್ದು.

ಹಿನ್ನೀರು_ಬೀಳಗಿ

ಅಕ್ಕಾ, ಓದಿ ಮೈ ಜುಂ ಅಂತು. ಹಾಗಿದ್ರೆ ಅವರು ಬೀಳಗಿ ಬಿಟ್ಟು ಬೆಳಗಾವಿಗೆ ಯಾಕೆ ಬಂದ್ರು? ನಮ್ಮ ಕಥೆಯಲ್ಲಿ ಬೆಳಗಾವಿ ಬರೋದೇ ಇಲ್ಲ. ಅಜ್ಜನ ವಯಸ್ಸಿಂದ ಏನಾದ್ರೂ ಹೊಂದಿಸಬಹುದಾ ಅಂತ ಶಾಲೆಯಲ್ಲಿ ಕೇಳಿದೆ. ಊರು ಸ್ಥಳಾಂತರ ಆದಾಗ ಹಳೇ ಕನ್ನಡ ಶಾಲೆಯ ಜನರಲ್ ರಜಿಸ್ಟರ್ ಕೂಡ ಜೊತೆಗೆ ಬಂದಿದೆ. ಅಜ್ಜನ ಹುಟ್ಟಿದ ದಿನ ಜೂನ್ 1, 1920.

ತಲಾಟಿ_ಮಗ_ಜಮಖಂಡಿ

ಜೂನ್ 1 ನೋಡಿದ ಕೂಡಲೇ ನಗು ಬಂತು. ನಮ್ಮ ಅಪ್ಪ, ಇಬ್ಬರು ದೊಡ್ಡಪ್ಪಂದಿರು, ಪಕ್ಕದ ಮನೆ ಮಾಸ್ತರ್, ಎಲ್ಲರೂ ಜೂನ್ 1ಕ್ಕೇ ಹುಟ್ಟಿದವರು. ಹೆಸರು ಹಚ್ಚುವಾಗ ಮಾಸ್ತರು ಹುಡುಗನ ಎತ್ತರ ನೋಡಿ ವರ್ಷ ಹಾಕ್ತಿದ್ರು. ತಾರೀಖು ಬಿಡಿ, ವರ್ಷ ಒಂದೆರಡು ಆಚೀಚೆ ಅಂತ ಹಿಡ್ಕೊಳ್ಳಿ. ಆದರೂ ಫೋಟೋದ ಹುಡುಗನಿಗೆ ಐದಾರು ವರ್ಷ ಕಾಣುತ್ತೆ, ಅಕ್ಕನ 1926ಕ್ಕೆ ಹತ್ತಿರ ಬಂತು.

ಈಗ ಆ ಅಡ್ಡಪಟ್ಟಿ. ಅದು ಫೌಜಿನ ಬೆಲ್ಟ್ ಅಲ್ಲ ರೀ. ಹೆಗಲಿಂದ ಸೊಂಟಕ್ಕೆ ಅಗಲ ಪಟ್ಟಿ, ನಡುವೆ ಹಿತ್ತಾಳೆ ಬಿಲ್ಲೆ, ತಲೆಗೆ ರುಮಾಲು, ಮೊಣಕಾಲು ದಾಟಿದ ಉದ್ದ ಕೋಟು. ಇದು ಪಟ್ಟೇವಾಲಾ, ಅಂದ್ರೆ ಕಚೇರಿ ಜವಾನನ ದಿರಿಸು. ಕಲೆಕ್ಟರ್ ಕಚೇರಿ, ಕೋರ್ಟು, ಜಂಗಲ್ ಖಾತೆ, ಎಲ್ಲ ಕಡೆ ಇಂಥವರಿದ್ರು. ಬಿಲ್ಲೆ ಮೇಲೆ ಕಚೇರಿ ಹೆಸರು ಇರ್ತಿತ್ತು. ಯುದ್ಧದಿಂದ ಬಂದವರಿಗೆ ಸರ್ಕಾರಿ ಕೆಲಸ ಸಿಗೋದು ಇತ್ತು, ಹಂಗಾಗಿ ಬೆಳಗಾವಿಗೆ ಬಂದಿರಬಹುದು. ಇದು ನನ್ನ ಅಂದಾಜು, ಬಿಲ್ಲೆ ಓದಿದ ಮೇಲೆ ಖಾತ್ರಿ.

ಮನೆತನದ ಬಗ್ಗೆ ಗಟ್ಟಿ ಕಾಗದ ಬೇಕಂದ್ರೆ ಹೊಲದ ಬೆನ್ನು ಹತ್ತಿ. ನಮ್ಮ ಕಿತ್ತೂರು ಕರ್ನಾಟಕದ (ಹಿಂದಿನ ಮುಂಬೈ ಕರ್ನಾಟಕ) ಜಿಲ್ಲೆಗಳಿಗೆ ಒಂದು ಅನುಕೂಲ ಇದೆ. 1903ರ ಮುಂಬೈ ಕಾಯ್ದೆ ಆದಮೇಲೆ ಹಕ್ಕು ಬದಲಾದಾಗಲೆಲ್ಲ ಡೈರಿ ಬರೆದಿದ್ದಾರೆ. ಈಗಿನ ಉತಾರದಿಂದ (ಪಹಣಿ) ಶುರು ಮಾಡಿ. ಅದರಲ್ಲಿ ಡೈರಿ ನಂಬರ್ ಇರುತ್ತೆ. ಆ ಡೈರಿ ತೆಗೆಸಿದ್ರೆ ಅದಕ್ಕೂ ಹಿಂದಿನ ನಂಬರ್ ಸಿಗುತ್ತೆ. ಮೆಟ್ಟಿಲು ಇಳಿದಂಗೆ ಇಳೀತಾ ಹೋಗಿ. ವಾರಸಾ ಡೈರಿಯಲ್ಲಿ ಯಾರು ಯಾವಾಗ ತೀರಿಕೊಂಡ್ರು, ಮಕ್ಕಳೆಷ್ಟು, ಹೆಂಡತಿ ಹೆಸರೇನು ಎಲ್ಲ ಬರೆದಿರ್ತಾರೆ. ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಅಲ್ಲಿ ಬಿಟ್ರೆ ಬೇರೆಲ್ಲೂ ಸಿಗಲ್ಲ. ಹೊಲ ಮುಳುಗಡೆ ಆಗಿದ್ರೂ ಚಿಂತೆ ಇಲ್ಲ. ಪರಿಹಾರದ ಅವಾರ್ಡ್ ಕಾಗದದಲ್ಲಿ ಹಳೇ ಸರ್ವೆ ನಂಬರ್ ಇದ್ದೇ ಇರುತ್ತೆ, ಅದನ್ನ ಹಿಡಿದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಮುಳುಗಡೆ ಮಂದಿ ಪರಿಹಾರದ ದುಡ್ಡು ಬಂದಮೇಲೆ ಈ ಕಾಗದ ಎಸೆದುಬಿಡ್ತಾರೆ. ನನ್ನ ಕಣ್ಣೆದುರೇ ಒಲೆಗೆ ಹಾಕಿದ್ದು ನೋಡಿದ್ದೇನೆ.

ಕರದಂಟು_ಗೋಕಾಕ

ಕಾಗದದ ಜೊತೆ ಹೆಳವರನ್ನೂ ಕೇಳಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ನಿಮ್ಮ ಮನೆತನ ಎಲ್ಲಿಂದ ಬಂತು, ಯಾರಿಗೆ ಯಾರು ಹುಟ್ಟಿದ್ರು ಅಂತ ಹಾಡಿ ಹೇಳೋರು ಅವರು. ಈಗ ಬಹಳ ಮಂದಿ ಬೈಕಲ್ಲೇ ಬರ್ತಾರೆ. ನಮ್ಮ ಮನೆಗೆ ಬರೋ ಹೆಳವರ ಹತ್ರ ಹೊತ್ತಿಗೆ ಇದೆ, ಅದರಲ್ಲಿ ನನ್ನ ಮಗನ ಹೆಸರೂ ಏರಿದೆ. ಯಾವ ಮನೆತನಕ್ಕೆ ಯಾವ ಹೆಳವರು ಅಂತ ಹಂಚಿಕೆ ಇರುತ್ತೆ. ಊರು ಮುಳುಗಿದ್ರೂ ಅವರು ಒಕ್ಕಲು ಹುಡುಕ್ಕೊಂಡು ಬರ್ತಾರೆ.

ಒಂದು ಎಚ್ಚರ ಇರಲಿ. ಹೊಗಳೋದು ಅವರ ಕಸುಬು. ವಂಶದ ಮೂಲಪುರುಷ ಯಾವಾಗಲೂ ಶೂರನೇ ಆಗಿರ್ತಾನೆ. ಹೆಸರುಗಳ ಸರಪಳಿ ನಂಬಿ, ಸಾಹಸಗಳನ್ನ ಕೇಳಿ ಖುಷಿಪಡಿ.

ಹಿನ್ನೀರು_ಬೀಳಗಿ

ವಾರಾಂತ್ಯ ಊರಿಗೆ ಹೋಗಿದ್ದೆ. ಅತ್ತೆ ಪದಕ ಕೆಳಗೆ ಇಳಿಸೋಕೆ ಒಪ್ಪಲೇ ಇಲ್ಲ. "ದೇವರನ್ನ ಪರೀಕ್ಷೆ ಮಾಡ್ತೀಯಾ?" ಅಂದಳು. ಕೊನೆಗೆ ತಾನೇ ಸ್ನಾನ ಮಾಡಿ ಬಂದು, ತಟ್ಟೆಯಲ್ಲಿ ಇಟ್ಟು, ನನ್ನ ಕೈಗೆ ಕೊಡದೆ ತಾನೇ ತಿರುಗಿಸಿ ತೋರಿಸಿದಳು. ಕುದುರೆ ಮುಖ, ಸವಾರನ ತೋಳು ತಿಕ್ಕಿ ತಿಕ್ಕಿ ನುಣ್ಣಗಾಗಿದೆ. 1914 ಓದಬಹುದು, 1918ರಲ್ಲಿ ಕೊನೆ ಅಂಕಿ ಇಲ್ಲ. ಅಂಚಿನ ತುಂಬ ಭಂಡಾರ ಗಟ್ಟಿಯಾಗಿ ಕೂತಿದೆ. ಒಣ ಬ್ರಷ್‌ನಿಂದ ಮೆಲ್ಲಗೆ ಜಾಡಿಸಿ, ಮೊಬೈಲ್ ಟಾರ್ಚನ್ನ ಮಗ್ಗುಲಿಂದ ಹಿಡಿದೆ. ಇಂಗ್ಲಿಷ್ ಅಕ್ಷರ ಕಂಡವು! ನಂಬರು ಸವೆದಿದೆ. ಹೆಸರಿನ ಮೊದಲರ್ಧ ಇದೆ, ಅದು ನಮ್ಮ ಮುತ್ತಜ್ಜನದೇ. ಕೊನೆಯಲ್ಲಿ "ಪಿ, ಓ, ಆರ್, ಟಿ", ಆಮೇಲೆ ಒಂದು ಸವೆದ ಜಾಗ, ಆಮೇಲೆ "ಸಿ".

ಅತ್ತೆ ಪೆಟ್ಟಿಗೆಯಿಂದ ಒಂದು ಕಾಗದವನ್ನೂ ತೆಗೆದುಕೊಟ್ಟಳು. ಸ್ಟ್ಯಾಂಪ್ ಪೇಪರ್, ಆದ್ರೆ ಬರಹ ಕನ್ನಡವೂ ಅಲ್ಲ, ಓದೋಕೆ ಬರೋ ಮರಾಠಿಯೂ ಅಲ್ಲ. ಫೋಟೋ ಹಾಕಿದ್ದೇನೆ.

ಕ್ಯಾಂಪ್_ಹವಾಲ್ದಾರ್

ಪೋರ್ಟರ್ ಕೋರ್. ಹಮಾಲರ ಪಡೆ. ಬಸ್ರಾ ಬಂದರದಲ್ಲಿ ಹಡಗಿನಿಂದ ಮೂಟೆ, ಮದ್ದುಗುಂಡು, ಹಳಿ, ಮೇವು ಇಳಿಸಿದವರು ಇವರು. ಅಲ್ಲಿ ಸೆಕೆ ಎಂಥದ್ದು ಅಂತ ಯಾರಾದ್ರೂ ಗಲ್ಫ್‌ನಲ್ಲಿ ಕೆಲಸ ಮಾಡಿದವರನ್ನ ಕೇಳಿ. ಇವರು ಹೊರದಿದ್ರೆ ಮುಂದಿನ ಸಾಲಿನ ಸಿಪಾಯಿಗೆ ರೊಟ್ಟಿಯೂ ಇಲ್ಲ, ಗುಂಡೂ ಇಲ್ಲ.

ಮೋಡಿ_ನಿಪ್ಪಾಣಿ

ಕಾಗದ ಮೋಡಿ ಲಿಪಿಯಲ್ಲಿದೆ, ಅಂದ್ರೆ ಹಿಂದೆ ಮರಾಠಿ ಬರೀತಿದ್ದ ಕೂಡುಬರಹದ ಲಿಪಿ. ಜಮಖಂಡಿ ಪಟವರ್ಧನರ ಸಂಸ್ಥಾನ ಆಗಿದ್ದರಿಂದ ಆ ಕಡೆಯ ಸಾವ್ಕಾರರು ಮೋಡಿಯಲ್ಲಿ ಬರೆಸೋದು ಸಾಮಾನ್ಯ. ಇದು ಗಹಾಣ ಖತ, ಅಂದ್ರೆ ಹೊಲ ಒತ್ತೆ ಇಟ್ಟ ಪತ್ರ. ಶಕೆ 1838, ನಳನಾಮ ಸಂವತ್ಸರ, ಭಾದ್ರಪದ. 1838ಕ್ಕೆ 78 ಕೂಡಿಸಿ, 1916 ಆಯ್ತು. ನಳ ಸಂವತ್ಸರವೂ ಅದೇ ವರ್ಷ, ಹಂಗಾಗಿ ತಾರೀಖು ಸರಿ ಇದೆ. ಸಾಲ ತಂಗಿಯ ಮದುವೆಗೆ ಮತ್ತು ಎತ್ತಿಗೆ ಅಂತ ಬರೆದಿದೆ. ಕೆಳಗೆ ಸಹಿ ಇರಬೇಕಾದಲ್ಲಿ ಸಣ್ಣ ನೇಗಿಲಿನ ಚಿತ್ರ ಕಾಣ್ತಿದೆಯಲ್ಲ, ಅದೇ ನಿಮ್ಮ ಮುತ್ತಜ್ಜನ ನಿಶಾನಿ. ಓದು ಬಾರದ ಒಕ್ಕಲಿಗರು ನೇಗಿಲು ಹಾಕ್ತಿದ್ರು. ಅವರ ಕೈಯಿಂದಲೇ ಬಂದ ಗೆರೆ ಇರಬಹುದು, ಚೆನ್ನಾಗಿ ಜೋಪಾನ ಮಾಡಿ. ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ.

ಇಬ್ರಾಹಿಂಪುರ_ಗೇಟ್

ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. 1916ರಿಂದ ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕ್) ಜೈಲುಗಳಿಂದಲೂ ಕೂಲಿ, ಹಮಾಲ ಪಡೆ ಕಟ್ಟಿ ಕಳಿಸಿದ್ರು. ಹೋಗಿ ಬಂದ್ರೆ ಶಿಕ್ಷೆ ಮಾಫಿ. ಮುಂಬೈ ಪ್ರಾಂತ್ಯದ ಕೈದಿಗಳೂ ಇದ್ರು. ಪೋರ್ಟರ್ ಕೋರ್ ಅಂದ್ರೆ ಅದನ್ನೂ ನೋಡಬೇಕಲ್ವಾ?

ಕರದಂಟು_ಗೋಕಾಕ

ಏನ್ರೀ ಇದು, ಒಬ್ಬರ ಮನೆ ಹಿರಿಯರನ್ನ ಸುಮ್ನೆ ಜೈಲಿಗೆ ಕಳಿಸ್ತೀರಲ್ಲ!

ತಲಾಟಿ_ಮಗ_ಜಮಖಂಡಿ

ಪ್ರಶ್ನೆ ಸರಿಯೇ ಇದೆ, ಬೈಬೇಡಿ. ಆದ್ರೆ ಕೈಯಲ್ಲಿರೋ ಕಾಗದ ಬೇರೆ ಹೇಳ್ತಿದೆ. 1916ರ ಭಾದ್ರಪದದಲ್ಲಿ ಸಾಕ್ಷಿಗಳ ಮುಂದೆ ಕೂತು ನೇಗಿಲು ಹಾಕಿದ ಮನುಷ್ಯ ಆಗ ಜೈಲಲ್ಲಿ ಇರಲಿಲ್ಲ. ಮೇಲಾಗಿ ಆಮೇಲೆ ಸರ್ಕಾರಿ ಕಚೇರಿಯ ಪಟ್ಟಿ ಹಾಕ್ಕೊಂಡಿದ್ದಾರೆ. ಪೂರ್ತಿ ಇಲ್ಲ ಅನ್ನೋಕೆ ಬರಲ್ಲ. ಆದ್ರೆ ಸಾಲ ತೀರಿಸೋಕೆ ಹೋದ್ರು ಅನ್ನೋದು ಹೆಚ್ಚು ಹೊಂದುತ್ತೆ. ಬೋಜಾ, ಅಂದ್ರೆ ಹೊಲದ ಮೇಲಿನ ಸಾಲದ ಹೊರೆ, ಯಾವಾಗ ಕಮ್ಮಿ ಆಯ್ತು ಅಂತ ಡೈರಿ ತೆಗೆಸಿ, ಗೊತ್ತಾಗುತ್ತೆ.

ಹಿನ್ನೀರು_ಬೀಳಗಿ

ಅವರು ಕೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ. ಜೈಲಿಂದ ಹೋಗಿದ್ರೂ ಅವರು ನಮ್ಮ ಮುತ್ತಜ್ಜನೇ. ಅತ್ತೆಗೆ ಮಾತ್ರ ಈ ಭಾಗ ಓದಿ ಹೇಳಿಲ್ಲ.

ಡೈರಿ ನಕಲು ಕೈಗೆ ಬಂತು. ಅರ್ಜಿ ಕೊಟ್ಟು ಬಹಳ ದಿನ ಕಾದೆ. ರೆಕಾರ್ಡ್ ರೂಮಿನ ಸಿಬ್ಬಂದಿ ಬಟ್ಟೆ ಗಂಟು ಬಿಚ್ಚಿ ಹುಡುಕಿಕೊಟ್ಟರು. 1921ರಲ್ಲಿ ಒತ್ತೆ ಬಿಡಿಸಿ ಬೋಜಾ ತೆಗೆದಿದ್ದಾರೆ. ಹಣ ಪೂರ್ತಿ ಒಂದೇ ಸಲಕ್ಕೆ ಕಟ್ಟಿದ್ದು ಅಂತ ಷರಾ ಇದೆ. ಇದನ್ನ ಕಾಕಾಗೆ ಫೋನ್ ಮಾಡಿ ಹೇಳಿದೆ. "ಹಂಗಾರ ಲಡಾಯಿ ಮಾಡಿಲ್ಲೇನು?" ಅಂತ ಮೊದಲು ಸಪ್ಪಗಾದರು. ಆಮೇಲೆ, "ಆ ಹೊಲದ್ದೇ ಅಲ್ಲೇನು ನಮಗ ಪರಿಹಾರ ಬಂದಿದ್ದು?" ಅಂದ್ರು. ಹೌದು, ಅದೇ ಸರ್ವೆ ನಂಬರು. ಪುನರ್ವಸತಿ ಕೇಂದ್ರದ ನಮ್ಮ ಮನೆ ಕಟ್ಟಿದ್ದು ಆ ದುಡ್ಡಲ್ಲೇ.

ಪದಕ ಜಗಲಿ ಮೇಲೇ ಇರುತ್ತೆ. ಅತ್ತೆ ಹುಣಸೆಹಣ್ಣು ಬಿಡೋಕೆ ಒಪ್ಪಿದ್ದಾಳೆ, ಭಂಡಾರ ಬಿಡಲ್ಲ ಅಂದಿದ್ದಾಳೆ.

ಫೋಟೋ ಗಾಜಿಗೆ ಅಂಟಿರಲಿಲ್ಲ. ಗುಮ್ಮಟ ತಮ್ಮ ಹೇಳಿಕೊಟ್ಟಂತೆ ಸ್ಕ್ಯಾನ್ ಮಾಡಿ ಈಗಷ್ಟೇ ಹಾಕಿದ್ದೇನೆ. ಹಿಂದೆ ಏನೂ ಬರೆದಿಲ್ಲ. ಬಿಲ್ಲೆ ದೊಡ್ಡದು ಮಾಡಿ ನೋಡಿದ್ರೆ ಎರಡು ಸಾಲು ಇದೆ. ಮೇಲಿನದು ಬಳುಕಿದೆ, ಕೆಳಗಿನದರ ಕೊನೆಗೆ ಬೆಳಗಾವಿಯ ಹಳೇ ಇಂಗ್ಲಿಷ್ ಹೆಸರಿನ ಮೂರು ಅಕ್ಷರ ಕಾಣ್ತವೆ. ಆ ಕಾಲದ ಪಟ್ಟೇವಾಲಾ ಬಿಲ್ಲೆ ಯಾರ ಮನೆಯಲ್ಲಾದ್ರೂ ಇದ್ದರೆ, ಜಂಗಲ್ ಖಾತೆದಾಗಲಿ ಕೋರ್ಟಿನದಾಗಲಿ, ಎದುರಿನಿಂದ ಒಂದು, ಓರೆ ಬೆಳಕಲ್ಲಿ ಒಂದು ಫೋಟೋ ತೆಗೆದು ಇಲ್ಲಿ ಹಾಕ್ತೀರಾ? ಮೇಲಿನ ಸಾಲು ಹೊಂದಿಸಿ ನೋಡಬೇಕು.